ಬಿಡಾಕ ಬಾರದ ಕೈ, ಮಗನ ಗಿಟಾರು

ಆಸ್ಪತ್ರೆಯಿಂದ ಮನೆಗೆ ಬಂದ ಎರಡು ತಿಂಗಳಿಗೆ ನನ್ನ ಎಡಗೈ ಚಹಾದ ಕಪ್ಪು ಹಿಡಿಯಿತು. ಮನೆಮಂದಿಯೆಲ್ಲ ಹಿಗ್ಗಿದರು. ಕುಡಿದಾಯಿತು, ಕಪ್ಪನ್ನು ಟೇಬಲ್ಲಿನ ಮೇಲೆ ಇಟ್ಟೂ ಆಯಿತು. ಆದರೆ ಕೈ ಅದನ್ನು ಬಿಡಲಿಲ್ಲ.

"ಬಿಡ್ರೀ ಇನ್ನ" ಅಂದಳು ನನ್ನಾಕೆ.

"ನಾ ಬಿಡಾಕತ್ತೀನಿ, ಅದು ಬಿಡವಲ್ದು" ಅಂದೆ.

ಕಡೆಗೆ ಆಕೆಯೇ ಒಂದೊಂದೇ ಬೆರಳು ಬಿಚ್ಚಿ ಕಪ್ಪು ತೆಗೆದಳು. ಲಕ್ವಾ ಹೊಡೆದವರ ಮನೆಯಲ್ಲಿ ಈ ಮಾತು ಎಲ್ಲರಿಗೂ ಗೊತ್ತು. ಕೈಗೆ ಮೊದಲು ಮರಳಿ ಬರುವುದು ಹಿಡಿತ, ಬಿಡುವ ಶಕ್ತಿ ಬರುವುದು ಬಹಳ ತಡವಾಗಿ. ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಬೆರಳು ಮಡಿಚುವ ಸ್ನಾಯುಗಳು ಬಿಗಿದುಕೊಂಡು ಕೂತುಬಿಡುತ್ತವೆ, ಬಿಚ್ಚುವ ಸ್ನಾಯುಗಳಿಗೆ ಮಿದುಳಿನ ಹುಕುಂ ಸರಿಯಾಗಿ ಮುಟ್ಟುವುದಿಲ್ಲ. ಮೂವತ್ತು ವರ್ಷ ಬಂದರದ ಗೋದಾಮಿನಲ್ಲಿ ಲೆಕ್ಕ ಬರೆದವನು ನಾನು. ನನ್ನದೇ ಐದು ಬೆರಳು ನನ್ನ ಲೆಕ್ಕಕ್ಕೆ ಸಿಗದೆ ಹೋದದ್ದು ಅದೇ ಮೊದಲು.

ಆ ಬೆರಳುಗಳಿಗೆ ಅಷ್ಟಿಷ್ಟು ಬಿಡುವುದನ್ನು ಕಲಿಸಿದ್ದು ನನ್ನ ಮಗನ ಗಿಟಾರು. ಒಂದು ಕಾಲಕ್ಕೆ ನಾನೇ ಕೀಲಿ ಹಾಕಿ ಇಟ್ಟಿದ್ದ ಗಿಟಾರು ಅದು.

ಹರಳೆಣ್ಣೆಯಲ್ಲಿ ಹೋದ ಹೊತ್ತು

ನಾನು ಗದಗ ಕಡೆಯವನು. 1979ರಲ್ಲಿ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾದು ಬರುವ ಮೀಟರ್ ಗೇಜ್ ಗಾಡಿಯಲ್ಲಿ ಒಂದು ಟ್ರಂಕು ಹಿಡಿದು ವಾಸ್ಕೋಕ್ಕೆ ಬಂದೆ. ದೂಧಸಾಗರದ ಹತ್ತಿರ ಕಿಟಕಿಯಿಂದ ಒಳಗೆ ಹಾರಿದ ನೀರಿನ ತುಂತುರು ಇನ್ನೂ ನೆನಪಿದೆ. ಇಲ್ಲಿ ಬಂದರು, ರೈಲು, ಮನೆ ಕಟ್ಟುವ ಕೆಲಸ, ಎಲ್ಲ ಕಡೆ ನಮ್ಮ ಮಂದಿ. ಮಾಂಗೋರ್ ಹಿಲ್ಲಿನ ಏರಿನಲ್ಲಿ ಸಂಜೆ ನಿಂತರೆ ಬಾಗಲಕೋಟೆ, ವಿಜಾಪುರ, ಗದಗ, ಕೊಪ್ಪಳದ ಕನ್ನಡ ನಾಲ್ಕೂ ದಿಕ್ಕಿನಿಂದ ಕಿವಿಗೆ ಬೀಳುತ್ತಿತ್ತು, ಈಗಲೂ ಬೀಳುತ್ತದೆ. ಎರಡು ಖೋಲಿಯ ಮನೆ ಮಾಡಿದೆ, ಲಗ್ನವಾಯಿತು, ಮಗ ಹುಟ್ಟಿದ. ನಿವೃತ್ತಿಯಾದ ಮೇಲೂ ಊರಿಗೆ ಹೋಗುವ ಮಾತು ಬರಲಿಲ್ಲ.

2022ರ ಜುಲೈ ತಿಂಗಳು, ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಮುಂಜಾನೆ ಐದಕ್ಕೆ ಎದ್ದು ಹಲ್ಲುಜ್ಜುವಾಗ ಎಡಗೈ ಜೋಮು ಹಿಡಿದಂತಾಯಿತು. ಮಗ್ಗಲು ಒತ್ತಿ ಮಲಗಿದ್ದೆ, ಅದಕ್ಕೇ ಇರಬೇಕು ಅಂದುಕೊಂಡೆ. ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಅದೂ ತಲೆಗೆ ಹೋಗಲಿಲ್ಲ. ನನ್ನಾಕೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು, ನಾನು ಮತ್ತೆ ಮಲಗಿದೆ. ರಾತ್ರಿ ಪಾಳಿ ಮುಗಿಸಿ ವೆರ್ಣಾದ ಕಾರ್ಖಾನೆಯಿಂದ ಮಗ ಮನೆಗೆ ಬಂದಾಗ ಹೊತ್ತು ಒಂಬತ್ತಾಗಿತ್ತು. ನನ್ನ ಮುಖ ನೋಡಿದವನೇ ರಿಕ್ಷಾ ಕರೆಯಲು ಓಡಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುವ ಹೊತ್ತಿಗೆ ಹತ್ತೂವರೆ. ವೈದ್ಯರ ಮೊದಲ ಪ್ರಶ್ನೆ "ಎಷ್ಟು ಗಂಟೆಗೆ ಆಯಿತು?" ಅಂತ. ಐದು ಅಂದಾಗ ಅವರು ಸುಮ್ಮನಾದರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮ್ಮ ಆ ಹೊತ್ತು ಹರಳೆಣ್ಣೆಯಲ್ಲಿ ಹೋಗಿತ್ತು. ಯಾರ ಮೇಲೂ ಹೊರಿಸುವ ತಪ್ಪಲ್ಲ ಇದು, ನನ್ನದೇ. ಓದುವವರಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ಬಿಸಿ ಮಾಡುತ್ತ ಕೂಡ್ರಬ್ಯಾಡ್ರಿ. ಗಡಿಯಾರ ನೋಡಿಕೊಂಡು ನೆಟ್ಟಗೆ ದೊಡ್ಡ ಆಸ್ಪತ್ರೆಗೆ ಹೋಗ್ರಿ.

ಹನ್ನೊಂದು ದಿನಕ್ಕೆ ಮನೆಗೆ ಕಳಿಸಿದರು. ಕಾಲು ಎಳೆಯುತ್ತಾದರೂ ನಡೆಯಿತು, ಮಾತು ಉಳಿದಿತ್ತು. ಎಡಗೈ ಮಾತ್ರ ತೊಟ್ಟಿಲ ಕೂಸಿನಂತೆ ಮುಷ್ಟಿ ಕಟ್ಟಿಕೊಂಡು ಎದೆಗೆ ಆತುಕೊಂಡಿತ್ತು. ಆ ವರ್ಷ ದಾಮೋದರ ದೇವಸ್ಥಾನದ ಸಪ್ತಾಹಕ್ಕೆ ಹೋಗಲಾಗಲಿಲ್ಲ. ನಾಗಪಂಚಮಿಯ ಮಾರನೇ ದಿನ ಇಪ್ಪತ್ನಾಲ್ಕು ತಾಸು ಬಿಡದೆ ನಡೆಯುವ ಭಜನೆ ಅದು. ವಾಸ್ಕೋಕ್ಕೆ ಬಂದಮೇಲೆ ಕೊರೊನಾದ ಕಾಲ ಬಿಟ್ಟರೆ ನಾನು ತಪ್ಪಿಸಿದ್ದು ಅದೊಂದೇ.

ಅಟ್ಟದ ಮೇಲಿನ ಕೀಲಿ

ಇನ್ನು ಗಿಟಾರಿನ ಕಥೆ. ಮಗ ಹನ್ನೆರಡನೇ ಇಯತ್ತೆಯಲ್ಲಿದ್ದಾಗ ಅದನ್ನು ಮಡಗಾಂವಿನಿಂದ ತಂದ. ತಾಯಿಯ ಹತ್ತಿರ ಗುಟ್ಟಾಗಿ ರೊಕ್ಕ ಇಸಕೊಂಡಿದ್ದ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಗೋವಾದ ಹಿರಿಯರಿದ್ದಾರೆ. ಚಿಕ್ಕಂದಿನಲ್ಲಿ ಇಗರ್ಜಿಯ ಶಾಲೆಯಲ್ಲಿ ಪಿಟೀಲು ಕಲಿತವರು, ಹಡಗಿನಲ್ಲಿ ನೌಕರಿ ಮಾಡುತ್ತ ಗಿಟಾರು ಹಿಡಿದವರು. ಇಲ್ಲಿನ ಇಗರ್ಜಿ ಶಾಲೆಗಳಲ್ಲಿ ಹಾಗೆ ಸ್ವರ ಓದಲು ಕಲಿತ ಹುಡುಗರೇ ಮುಂದೆ ಮುಂಬೈ ಸಿನೆಮಾದ ವಾದ್ಯಮೇಳಗಳನ್ನು ತುಂಬಿದರು. ಶಂಕರ್-ಜೈಕಿಶನ್‌ರ ಹಾಡುಗಳಿಗೆ ವಾದ್ಯದ ಭಾಗ ಬರೆದ ಸೆಬಾಸ್ಟಿಯನ್ ಡಿಸೋಜಾ, ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಇಬ್ಬರೂ ಗೋವಾದವರು. ಅದೆಲ್ಲ ನನಗೆ ಆಗ ಏನು ಗೊತ್ತು? ಮಗ ಸಂಜೆಯಾದರೆ ಆ ಹಿರಿಯರ ಬಲ್ಕಾಂವಿನಲ್ಲಿ, ಅಂದರೆ ಮನೆಮುಂದಿನ ಕಟ್ಟೆಯಲ್ಲಿ ಕೂತಿರುತ್ತಿದ್ದ. ಇದು ಇಲ್ಲಿಯವರ ಚಟ, ನಮ್ಮಂಥವರಿಗಲ್ಲ ಅನ್ನುವುದು ನನ್ನ ತಿಳುವಳಿಕೆಯಾಗಿತ್ತು. 1998ರ ದೀಪಾವಳಿ ಹೊತ್ತಿಗೆ ಪರೀಕ್ಷೆಯ ಮಾರ್ಕು ಇಳಿದವು. ಗಿಟಾರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಅಟ್ಟಕ್ಕೇರಿಸಿ, ಕೀಲಿ ಹಾಕಿದೆ. ಮಾರ್ಚಿಯಲ್ಲಿ ಪರೀಕ್ಷೆ ಮುಗಿದ ಮೇಲೆಯೇ ತೆಗೆದುಕೊಟ್ಟದ್ದು. ಅವನೂ ಏನೂ ಅನ್ನಲಿಲ್ಲ, ನಾನೂ ಮತ್ತೆ ಅದರ ಸುದ್ದಿ ಎತ್ತಲಿಲ್ಲ. ನೌಕರಿ, ಲಗ್ನ ಅಂತ ಅವನ ದಿನ ಹೋದವು, ಗಿಟಾರು ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಈಚೆಗೆ ಮೊಮ್ಮಗಳು ಅದನ್ನು ಇಳಿಸಿ ಅಪ್ಪನಿಂದ ಮೂರ್ನಾಲ್ಕು ಕಾರ್ಡ್ ಕಲಿತಿದ್ದಳು.

ಅಕ್ಟೋಬರಿನ ಒಂದು ಸಂಜೆ. ಫಿಜಿಯೊಥೆರಪಿಯ ಹುಡುಗಿ ಬಂದು ಹೋಗಿದ್ದಳು. ಮೆತ್ತನೆಯ ಚೆಂಡು ಒತ್ತು, ಬಟ್ಟೆಯ ಚಿಮಟಿ ತೆಗೆ, ಡಬ್ಬಿಯಿಂದ ಡಬ್ಬಿಗೆ ಕಡಲೆಕಾಳು ಹಾಕು. ದಿನಾ ಅದೇ. ಬೇಸರವಲ್ಲ ಅದು, ಅವಮಾನ. ಆರೈದು ಕಾಳು ಎತ್ತುವಷ್ಟರಲ್ಲಿ ಬೆವರು ಬರುತ್ತಿತ್ತು, ಎದುರಿಗೆ ಕೂತ ನನ್ನಾಕೆ ಎಣಿಸುತ್ತಿದ್ದಳು. ಅವತ್ತು ಡಬ್ಬಿಯನ್ನೇ ಬಲಗೈಲೆ ಹೊಡೆದೆ, ಕಾಳು ಖೋಲಿ ತುಂಬ ಚೆಲ್ಲಿದವು. ಯಾರೂ ಮಾತಾಡಲಿಲ್ಲ. ಹನ್ನೊಂದರ ಮೊಮ್ಮಗಳು ಗಿಟಾರು ತಂದು ನನ್ನ ತೊಡೆಯ ಮೇಲಿಟ್ಟಳು.

"ಅಜ್ಜಾ, ನೀ ಬಲಗೈಲೆ ತಂತಿ ಬಾರಸು. ಎಡಗೈ ನಂದು."

ಅಷ್ಟೇ. ನನ್ನ ಎಡಮಗ್ಗುಲಿಗೆ ಕೂತು ಆಕೆ ಗಿಟಾರಿನ ಕೊರಳ ಮೇಲೆ ಕಾರ್ಡ್ ಒತ್ತಿದಳು, ನಾನು ಬಲಗೈ ಹೆಬ್ಬೆರಳಿಂದ ಆರೂ ತಂತಿ ಎಳೆದೆ. ಒಂದೇ ಗಿಟಾರು, ಎರಡು ಮಂದಿ. ಆಕೆ "ಈಗ" ಅಂದಾಗ ನಾನು ತಡೆಯಬೇಕು, ಕಾರ್ಡ್ ಬದಲಿಸಿ "ಹೂಂ" ಅಂದರೆ ಬಾರಿಸಬೇಕು. ಹತ್ತು ನಿಮಿಷದಲ್ಲಿ ರಾಜಕುಮಾರರ ಒಂದು ಹಳೆಯ ಹಾಡಿನ ಹತ್ತಿರಹತ್ತಿರ ಏನೋ ಒಂದು ಆಯಿತು. ಅಡುಗೆಮನೆಯಿಂದ ಸೊಸೆ ಹಾಡಿಗೆ ದನಿ ಕೂಡಿಸಿದಳು. ನನ್ನಾಕೆ ಕೆಳಗೆ ಕೂತು ಕಾಳು ಆರಿಸುತ್ತ ಡಬ್ಬಿಯ ಮೇಲೆ ತಾಳ ಹಾಕಿದಳು. ಅವತ್ತು ನನ್ನ ಕೈಯನ್ನು ಯಾರೂ ಎಣಿಸಲಿಲ್ಲ.

ಹಿಡಿದೇ ಇರುವ ಕೆಲಸ

ಮಾರನೇ ರವಿವಾರ ಪಕ್ಕದ ಮನೆಯ ಹಿರಿಯರು ಬಂದರು. ಎಂಬತ್ತು ದಾಟಿದ ಜೀವ. ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ, ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ, ನಿನ್ನ ಕೈಗೆ ಹಿಡಿಯುವುದು ಬರುತ್ತದಲ್ಲ, ಹಾಗಾದರೆ ಹಿಡಿಯುವ ಕೆಲಸವನ್ನೇ ಕೊಡೋಣ ಅಂದರು. ಗಿಟಾರನ್ನು ಹಾರ್ಮೋನಿಯಂನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿದರು. ಆಮೇಲೆ ಮೂರು ತಂತಿ ಇಳಿಸಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನಂಥ ಇನ್ನೊಬ್ಬರಿಗೆ ಉಪಯೋಗವಾದೀತು. ಗಿಟಾರಿನ ಆರು ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುವುದು ರೂಢಿ. ಹಾಗಿದ್ದಾಗ ಕೈ ಒತ್ತದೆ ಬಾರಿಸಿದರೆ ಹಾಡಿಗೆ ಹೊಂದುವ ನಾದ ಬರುವುದಿಲ್ಲ. ಎಡಗೈ ಬೆರಳುಗಳು ಬೇರೆಬೇರೆ ಜಾಗ ಒತ್ತಿ ಕಾರ್ಡ್ ಮಾಡಬೇಕು. ಆದರೆ ಎರಡೂ ತುದಿಯ ಇ ತಂತಿಗಳನ್ನು ಡಿಗೆ, ಎ ತಂತಿಯನ್ನು ಜಿಗೆ ಇಳಿಸಿದರೆ ಬರಿಗೈಯಲ್ಲಿ ಎಳೆದರೂ ಪೂರಾ ಜಿ ಕಾರ್ಡ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಗಾಂಧಾರ ಮಾತ್ರ ತುಂಬಿದ ನಾದ. ಇನ್ನು ಒಂದು ಕಬ್ಬಿಣದ ತುಂಡನ್ನು ತಂತಿಗಳ ಮೇಲೆ ಅಡ್ಡ ಇಟ್ಟು ಐದನೇ ಪಟ್ಟಿಗೆ ಸರಿಸಿದರೆ ಸಿ, ಏಳನೇ ಪಟ್ಟಿಗೆ ಸರಿಸಿದರೆ ಡಿ. ಎಷ್ಟೋ ಹಾಡು ಈ ಮೂರೇ ಕಾರ್ಡಿನಲ್ಲಿ ಮುಗಿಯುತ್ತವೆ.

ಮಗ ಯಾವುದೋ ವರ್ಕ್‌ಶಾಪಿನಲ್ಲಿ ಮೂರಿಂಚಿನ ಸ್ಟೀಲ್ ಪೈಪು ಕತ್ತರಿಸಿ ತಂದ. ತಂತಿ ಸ್ವಲ್ಪ ಮೇಲೇಳಲೆಂದು ಹಿರಿಯರು ಕೊರಳ ತುದಿಯಲ್ಲಿ ತಂತಿಗಳ ಕೆಳಗೆ ಒಂದು ಮರದ ಚಕ್ಕೆ ಸೇರಿಸಿದರು. ಪೈಪು ಹಿಡಿದರೆ ನನ್ನ ಮುಷ್ಟಿ ಬಿಡುವುದೇ ಇಲ್ಲ, ಬಿಡಬೇಕಾಗಿಯೂ ಇಲ್ಲ. ತೋಳು, ಮೊಣಕೈ ಅಷ್ಟೊತ್ತಿಗೆ ತಕ್ಕಮಟ್ಟಿಗೆ ಆಡುತ್ತಿದ್ದವು. ಹಿಂದೆ ಮುಂದೆ ಸರಿಸಿದರೆ ಸಾಕು. ಮೊದಲ ವಾರ ನಮ್ಮನಿಯಲ್ಲಿ ಬೆಕ್ಕು ಹೆತ್ತ ಹಾಗೆ ಸದ್ದು. "ಸವಕಾಸ್, ಸವಕಾಸ್" ಅನ್ನುತ್ತಿದ್ದರು ಹಿರಿಯರು. ನಮ್ಮ ಸಾವಕಾಶವೇ ಅದು. ನಲವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಇದ್ದೂ ನಮ್ಮಿಬ್ಬರ ನಡುವೆ ಈ ಒಂದು ಮಾತು ಒಂದೇ ಅನ್ನುವುದನ್ನು ನಾನು ಗಮನಿಸಿರಲಿಲ್ಲ.

ಕಣ್ಣುಮುಚ್ಚಿ ಆ ಇಳಿಸಿದ ತಂತಿಗಳ ನಾದ ಕೇಳುವಾಗ ನನಗೆ ನೆನಪಾದದ್ದು ನಮ್ಮಪ್ಪನ ಏಕತಾರಿ. ಅಮವಾಸ್ಯೆಗೊಮ್ಮೆ ಊರ ಮಠದ ಕಟ್ಟೆಯಲ್ಲಿ ಅಪ್ಪ ಶಿಶುನಾಳ ಷರೀಫರ ಪದ ಹಾಡುತ್ತಿದ್ದ. ಷರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ಪದಗಳು ನಮ್ಮ ಕಡೆ ಕಾಗದದಲ್ಲಿ ಓದಿದ್ದಕ್ಕಿಂತ ಹೊಲದಾಗ, ಕಟ್ಟಿಮ್ಯಾಲೆ ಕೇಳಿದ್ದೇ ಹೆಚ್ಚು. ಅಂಥ ಪದಕ್ಕೆ ಕಾರ್ಡ್ ಬದಲಿಸುವ ಗೋಜೂ ಬೇಡ. ಒಂದೇ ಶ್ರುತಿ ಹಿಡಿದು ನಡೆದರೆ ಆಯಿತು. ನನಗೆ ನಾಲ್ಕು ಪದ ಪೂರ್ತಿ ನೆನಪಿದ್ದವು, ಉಳಿದವು ಅರೆಬರೆ. ನನ್ನಾಕೆಗೆ ನನಗಿಂತ ಜಾಸ್ತಿ ಬರುತ್ತಿದ್ದವು ಅನ್ನುವುದು ಲಗ್ನವಾಗಿ ನಲವತ್ಮೂರು ವರ್ಷಕ್ಕೆ ಗೊತ್ತಾಯಿತು. "ನೀವು ಯಾವಾಗ ಕೇಳಿದ್ರಿ?" ಅಂದಳು.

ಮೊಮ್ಮಗಳು ಓದುವುದು ಇಂಗ್ಲಿಷ್ ಶಾಲೆ, ಆಡುವುದು ಕೊಂಕಣಿ ಹುಡುಗಿಯರ ಜೋಡಿ. ಕನ್ನಡ ಕಿವಿಯಿಂದ ಬಂದದ್ದಷ್ಟೇ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವಾಗ 'ಳ' ಇದ್ದಲ್ಲೆಲ್ಲ 'ಲ' ಮಾಡುತ್ತಿದ್ದಳು. ಹಾಡು ಕೆಡುತ್ತದೆ ಅಂತ ಆಕೆಗೇ ಅನಿಸಿತೋ ಏನೋ, ತಾನಾಗಿ ಒಂದು ನೋಟುಬುಕ್ಕು ತಂದು, ಇದರಾಗ ಬರದು ತೋರಸು ಅಂದಳು. ನನಗೆ ಸಂಜೆ ಕೈಪಾಠ, ಆಕೆಗೆ ಅಕ್ಷರಪಾಠ. ಕಲಿಸಬೇಕೆಂದು ಕೂತದ್ದಲ್ಲ. ಕೂತಿದ್ದರೆ ಎರಡು ದಿನಕ್ಕೆ ಎದ್ದು ಓಡುತ್ತಿದ್ದಳು.

ಒಂದು ರಾತ್ರಿ ಮಗ ಶ್ರುತಿ ಮಾಡುತ್ತಿದ್ದ. ನಾನು ಕೇಳಿಯೇಬಿಟ್ಟೆ.

"ಆ ವರ್ಷ ನಾ ಇದಕ್ಕ ಕೀಲಿ ಹಾಕಿದ್ದು ನೆನಪೈತೇನು?"

ಅವನು ತಲೆ ಎತ್ತಲಿಲ್ಲ. "ನೆನಪೈತಿ. ಕೀಲಿ ಎಲ್ಲಿ ಇಟ್ಟೀರಂತ ಅವ್ವ ಹೇಳಿದ್ಲು. ನೀವು ಡ್ಯೂಟಿಗೆ ಹೋದಮ್ಯಾಲೆ ದಿನಾ ಒಂದು ತಾಸು ತಗದು ಬಾರಸ್ತಿದ್ದೆ."

ನನ್ನಾಕೆ ಎದ್ದು ಒಳಗೆ ಹೋದಳು. ಮೊಮ್ಮಗಳು ನಕ್ಕಳು, ಆಮೇಲೆ ನಾವೂ. ಗೋದಾಮಿನ ಲೆಕ್ಕದವನ ಮನೆಯಲ್ಲೇ ಈ ಲೆಕ್ಕ ತಪ್ಪಿತ್ತು.

ರಕ್ತ ಕಂಡ ದಿನ

ಎಲ್ಲ ಹೀಗೆ ಸಲೀಸಾಗಿ ಹೋಯಿತು ಅಂತ ತಿಳಿಯಬ್ಯಾಡ್ರಿ. ಜನವರಿಯಲ್ಲಿ ನನಗೆ ಸೊಕ್ಕು ಬಂತು. ಪೈಪು ಸಾಕು, ಬರಿ ಬೆರಳಲ್ಲೇ ತಂತಿ ಒತ್ತುತ್ತೇನೆ ಅಂತ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಗಿಟಾರನ್ನು ಎಲ್ಲರ ಹಾಗೆ ಎತ್ತಿ ಹಿಡಿದು ಕೂತೆ. ಒತ್ತುವುದೇನೋ ಬಂತು. ಬೆರಳ ತುದಿಗೆ ಸ್ಪರ್ಶವೇ ಸರಿಯಾಗಿ ಇರಲಿಲ್ಲ, ಎಷ್ಟು ಬಿಗಿಯಾಗಿ ಒತ್ತುತ್ತಿದ್ದೇನೆ ಅನ್ನುವುದು ತಿಳಿಯಲಿಲ್ಲ. ನನ್ನಾಕೆ ಸಂತೆಯಿಂದ ಬಂದಾಗ ನನ್ನ ಪಾಯಿಜಾಮದ ಮೇಲೆ ರಕ್ತ. ಸ್ಟೀಲಿನ ತಂತಿ ತೋರುಬೆರಳನ್ನು ಕೊಯ್ದಿತ್ತು, ನನಗೆ ಗೊತ್ತೇ ಇಲ್ಲ. ನಾನು ತಗೊಳ್ಳುವ ಗುಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದ್ದು, ಗಾಯ ಒತ್ತಿ ಹಿಡಿದರೂ ಬೇಗ ನಿಲ್ಲಲಿಲ್ಲ. ಅದರ ಮೇಲೆ ಭುಜದ ನೋವು. ಲಕ್ವಾ ಹೊಡೆದ ಕಡೆ ಭುಜದ ಕೀಲು ಸಡಿಲಾಗಿರುತ್ತದೆ. ಅದಕ್ಕೆ ಪಟ್ಟಿ ಹಾಕಿ ಭಾರ ಹೊರಿಸಬಾರದು ಅಂತ ಫಿಜಿಯೊಥೆರಪಿಯ ಹುಡುಗಿ ಮೊದಲೇ ಹೇಳಿದ್ದಳು. ಎಂಟು ದಿನ ಗಿಟಾರು ಮುಟ್ಟಲಿಲ್ಲ. ಆ ಎಂಟು ದಿನ ನಾನು ಯಾರಿಗೂ ಸಹಿಸಲಾರದ ಮುದುಕನಾಗಿದ್ದೆ ಅಂತ ಸೊಸೆ ಈಗ ನಗುತ್ತ ಹೇಳುತ್ತಾಳೆ.

ಒಂಬತ್ತನೇ ದಿನ ಹಿರಿಯರು ತಮ್ಮ ಹಳೆಯ ನೈಲಾನ್ ತಂತಿಯ ಗಿಟಾರು ಕಳಿಸಿದರು. ನೈಲಾನ್ ಮೆತ್ತಗೆ, ಕೊಯ್ಯುವುದಿಲ್ಲ. ನಿಯಮ ಒಂದೇ: ಬೆರಳನ್ನು ಕಣ್ಣಿಂದ ನೋಡುತ್ತಲೇ ಒತ್ತಬೇಕು, ಬಿಡುವಾಗಲೂ ನೋಡುತ್ತಲೇ ಬಿಡಬೇಕು. ಒತ್ತಲು ಒಂದು ಕ್ಷಣ, ಬಿಡಲು ನಾಲ್ಕೈದು ಕ್ಷಣ. ಮೊಮ್ಮಗಳು ಹಾಡನ್ನು ಅಲ್ಲಿಯವರೆಗೆ ಎಳೆದು ಹಿಡಿಯುತ್ತಿದ್ದಳು, ಉಸಿರು ಮುಗಿದರೆ ಮಗ ಎತ್ತಿಕೊಳ್ಳುತ್ತಿದ್ದ. ಹಾಗೆ ಎಳೆದ ಹಾಡು ಕೇಳಿದವರಿಗೆ ನಗು ಬರುತ್ತದೆ. ನನ್ನ ಬೆರಳು ಬಿಡುವುದಕ್ಕಾಗಿ ಮೂರು ತಲೆಮಾರು ಉಸಿರು ಕಟ್ಟಿ ಕಾಯುತ್ತಿತ್ತು.

ಆ ದಿನಗಳಲ್ಲೇ ಮಗ ಹೇಳಿದ್ದು ಜಾಂಗೊ ರೈನ್‌ಹಾರ್ಟ್ ಎಂಬುವನ ಸುದ್ದಿ. 1910ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಅಲೆಮಾರಿ ಕುಲದ ಹುಡುಗ. 1928ರಲ್ಲಿ ಅವನು ಮಲಗುತ್ತಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳು, ಕಿರುಬೆರಳು ಹೆಚ್ಚುಕಡಿಮೆ ನಿಕಾಲಿಯಾದವು. ಉಳಿದ ಎರಡು ಬೆರಳಲ್ಲೇ ನುಡಿಸುವ ದಾರಿ ಕಂಡುಕೊಂಡು ಯುರೋಪಿನ ಜಾಜ್ ಗಿಟಾರಿಗೆ ದೊಡ್ಡ ಹೆಸರಾದ. ಅವನೆಲ್ಲಿ, ನಾನೆಲ್ಲಿ! ಆದರೂ ರಾತ್ರಿ ಮಲಗುವಾಗ ನನ್ನ ಎರಡು ಬೆರಳು ನೋಡಿಕೊಂಡೆ.

ಸಂಗೀತಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ತಿಳಿದವರೂ ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಲಕ್ವಾ ಆದವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಮೂರು ವಾರದಲ್ಲಿ 15 ಸಲ ಪಿಯಾನೊ ಮತ್ತು ಡ್ರಮ್ಮಿನಂಥ ವಾದ್ಯ ನುಡಿಸಲು ಹಚ್ಚಿದರು. ಅವರ ಕೈಯ ಚುರುಕು, ಬರೀ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿತು. 2008ರಲ್ಲಿ ಫಿನ್ಲೆಂಡಿನವರು ರೋಗಿಗಳಿಗೆ ಎರಡು ತಿಂಗಳು ದಿನಾ ತಮಗಿಷ್ಟವಾದ ಹಾಡು ಕೇಳಿಸಿದಾಗ ಮಾತಿನ ನೆನಪು, ಗಮನ ಎರಡೂ ಬೇಗ ಚೇತರಿಸಿದವು, ಮನಸ್ಸು ಕುಗ್ಗುವುದೂ ಕಡಿಮೆಯಾಯಿತು. ಇದನ್ನೆಲ್ಲ ಮಗ ಓದಿ ಹೇಳಿದ್ದು ನಾವು ಗಿಟಾರು ಶುರು ಮಾಡಿ ಎಷ್ಟೋ ದಿನಕ್ಕೆ. ಔಷಧ ಅಂತ ಮೊದಲೇ ಹೇಳಿದ್ದರೆ ನಾನು ಅದನ್ನೂ ಕಡಲೆಕಾಳಿನ ಡಬ್ಬಿಯ ಹಾಗೆ ಹೊಡೆಯುತ್ತಿದ್ದೆನೇನೋ. ಹಾಗಂತ ಚಿಮಟಿ, ಚೆಂಡು ಬಿಟ್ಟಿಲ್ಲ. ಒಂದು ಸಲಕ್ಕೆ 500 ರೂಪಾಯಿ ಕೊಟ್ಟು ಮನೆಗೆ ಕರೆಸುವುದು ಆರು ತಿಂಗಳಿಗೆ ನಿಂತಿತು, ಕಲಿಸಿದ್ದನ್ನು ಮುಂಜಾನೆ ನಾನೇ ಮಾಡಿಕೊಳ್ಳುತ್ತೇನೆ. ಬೆರಳು ಆಡಿದ್ದರಲ್ಲಿ ಅದರ ಪಾಲೆಷ್ಟು, ಗಿಟಾರಿನ ಪಾಲೆಷ್ಟು ಎಂದು ಭಾಗ ಹಾಕಲು ಬರುವುದಿಲ್ಲ.

ಈಗ ನನಗೆ ಎಪ್ಪತ್ತರ ವಯಸ್ಸು. ಕಿರುಬೆರಳು ಇನ್ನೂ ಮಡಿಚಿಕೊಂಡೇ ಇದೆ, ಅದು ಏಳಲಿಕ್ಕಿಲ್ಲ ಅಂತ ವೈದ್ಯರು ಹೇಳಿದ್ದಾರೆ. ಉಳಿದವು ಚಳಿಯಲ್ಲಿ ಬಿಗಿಯುತ್ತವೆ, ಶೆಕೆಯಲ್ಲಿ ಸಡಿಲಾಗುತ್ತವೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ. ಕಪ್ಪನ್ನು ಹಿಡಿಯುತ್ತೇನೆ, ಬಿಡುತ್ತೇನೆ. ಚವತಿಯ ಸಂಜೆ ಹಿರಿಯರು ಮೊಮ್ಮಗನಿಗೆ ಘುಮಟೆ ಹೊರಿಸಿಕೊಂಡು ಬಂದಿದ್ದರು. ಮಣ್ಣಿನ ಗಡಿಗೆಯ ಬಾಯಿಗೆ ತೊಗಲು ಬಿಗಿದ ವಾದ್ಯ. ಮೊದಲು ಉಡದ ತೊಗಲು ಹಾಕುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಉಡವನ್ನು ಕಾಪಾಡುವುದರಿಂದ ಈಗ ಆಡಿನ ತೊಗಲು. 2019ರಲ್ಲಿ ಗೋವಾ ಸರಕಾರ ಇದನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಸಾರಿತು. ಘುಮಟೆಗೆ ಷರೀಫರ ಪದ, ನನ್ನಾಕೆಯ ಡಬ್ಬಿ. ಯಾರು ಯಾರ ತಾಳಕ್ಕೂ ಹೊಂದಲಿಲ್ಲ. ತಾಸೊಂದು ನಡೆಯಿತು.

ಮೊನ್ನೆ ಮಗನಿಗೆ ಪಾಳಿ ಇತ್ತು, ಗಿಟಾರಿನ ತಂತಿ ಇಳಿಸುವವರು ಇರಲಿಲ್ಲ. ಶ್ರುತಿಯ ಕಿವಿ ತಿರುವುವುದು ಎಡಗೈಯ ಕೆಲಸ. ಹಿಡಿ, ತಿರುವು, ಬಿಡು, ಮತ್ತೆ ಹಿಡಿ. ಇಷ್ಟು ದಿನ ಅದನ್ನು ನಾನು ಮುಟ್ಟಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಒಂದೊಂದೇ ಇಳಿಸಿದೆ. ತೆಳುವಿನ ತಂತಿ ಡಿಗೆ ಬಂತು. ಎ ತಂತಿ ಜಿಗೆ ಬಂತು. ದಪ್ಪನೆಯದಕ್ಕೆ ಕೈ ಹಾಕಿ ತಿರುವಿದೆ, ಎಳೆದು ನೋಡಿದೆ, ಇನ್ನೊಂದಿಷ್ಟು ತಿರುವಿದೆ.

ಒಳಗೆ ಅಭ್ಯಾಸಕ್ಕೆ ಕೂತಿದ್ದ ಮೊಮ್ಮಗಳು ಅಲ್ಲಿಂದಲೇ ಕೂಗಿದಳು. "ಅಜ್ಜಾ, ಭಾಳ ಇಳಸ್ದಿ. ಅದು ಡಿ ಅಲ್ಲ."